ಗಾಲಿಗೆ ಕೊಟ್ಟ ಕಲ್ಲು

ಖಾನಾಪುರ
ರವಿವಾರ, ೧೦-೭-೧೯೮೩

ಗುರುಪಾದಪ್ಪ ಮಿಸ್ತ್ರಿಯವರಿಗೆ ಸಿದರಾಯನ ನಮಸ್ಕಾರ.

ಕಣ್ಣಿನ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದಿದ್ದೀರಿ ಎಂದು ಕಂಡಕ್ಟರ್ ಬಸಯ್ಯ ಹೇಳಿದ. ನೋಡಲು ಬರಬೇಕಿತ್ತು. ಹಂಚಿನ ಕಾರ್ಖಾನೆಯ ಇನ್ನೊಬ್ಬ ಡ್ರೈವರ್ ರಜೆ ಹಾಕಿದ್ದಾನೆ, ಎರಡು ಟ್ರಕ್ಕಿಗೆ ನಾನೊಬ್ಬನೇ. ಸಿಗುವುದು ರವಿವಾರ ಒಂದು. ಅದನ್ನೂ ನನ್ನ ಗಾಡಿ ನುಂಗುತ್ತದೆ.

ಗಾಡಿ ನಿಮಗೆ ನೆನಪಿರಬೇಕು. ಮಿಲಿಟರಿ ಹರಾಜಿನ ಜೀಪಿನ ಚಾಸಿ, ಅದರ ಮೇಲೆ ಮಡಗಾಂವದ ಗುಜರಿಯಿಂದ ತಂದ ಪೋರ್ಚುಗೀಸರ ಕಾಲದ ಕಾರಿನ ಮೈ. ಎರಡು ವರ್ಷದಿಂದ ಅಂಗಳದಲ್ಲಿ ನಿಂತಿದೆ. ಅವ್ವ ಅದರ ಮೇಲೆ ಹಾಗಲ ಬಳ್ಳಿ ಹಬ್ಬಿಸಿದ್ದಾಳೆ. ಕಾಯಿಯೂ ಬಿಡುತ್ತಿದೆ.

ಈಗ ಅಡ್ಡಿ ಬಂದಿರುವುದು ಹಿಂದಿನ ಆಕ್ಸಲ್. ಜೀಪಿನದು ಈ ಮೈಗೆ ಅಗಲವಾಯಿತು, ಗಾಲಿಗಳು ಎರಡೂ ಕಡೆ ಎರಡೆರಡು ಇಂಚು ಹೊರಗೆ ಬರುತ್ತವೆ. ನಾಲ್ಕು ಇಂಚು ಕತ್ತರಿಸಿ ಕೂಡಿಸಬೇಕು. ಇನ್ನೊಂದು, ಹಿಂದೆ ಡ್ರಮ್ ಬ್ರೇಕ್ ನನಗೆ ಬೇಡ. ನಮ್ಮ ಕಡೆಯ ಮಳೆ ನಿಮಗೆ ಗೊತ್ತು. ಹಳ್ಳ ದಾಟಿದರೆ ಡ್ರಮ್ಮಿನೊಳಗೆ ನೀರು ನಿಂತು ಅರ್ಧ ಮೈಲು ಬ್ರೇಕೇ ಹಿಡಿಯುವುದಿಲ್ಲ. ಆ ಮಡಗಾಂವದ ಕಾರಿಗೆ ಹಿಂದೆ ಡಿಸ್ಕ್ ಬ್ರೇಕ್ ಇತ್ತು. ಗಾಲಿಯ ಜೊತೆ ತಿರುಗುವ ಒಂದು ಬೀಡುಕಬ್ಬಿಣದ ತಾಟು, ಅದನ್ನು ಎರಡೂ ಬದಿಯಿಂದ ಇಕ್ಕಳದ ಹಾಗೆ ಹಿಡಿಯುವ ಕ್ಯಾಲಿಪರ್. ಎಲ್ಲ ಬಯಲಿಗೇ ಇರುವುದರಿಂದ ನೀರು ನಿಲ್ಲುವುದಿಲ್ಲ. ಹ್ಯಾಂಡ್ ಬ್ರೇಕೂ ಅದನ್ನೇ ಹಿಡಿಯುತ್ತದೆ. ಅದನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ. ಜೀಪಿನ ಆಕ್ಸಲಿಗೆ ಅದನ್ನು ಕೂಡಿಸಿಕೊಡುವವರು ಬೆಳಗಾವಿಯಲ್ಲಿ ನಿಮ್ಮನ್ನು ಬಿಟ್ಟು ಯಾರೂ ನನಗೆ ಗೊತ್ತಿಲ್ಲ.

ಬಾಜೂಕ ಕುಳಿತ ಅವ್ವ ಇದನ್ನೂ ಬರಿ ಅನ್ನುತ್ತಿದ್ದಾಳೆ: "ಮಿಸ್ತ್ರಿ ಕಣ್ಣು ಲಗೂನ ನೆಟ್ಟಗಾಗ್ಲಿ. ನಾ ಸಾಯೂದ್ರಾಗ ಒಮ್ಮೆ ಈ ಗಾಡ್ಯಾಗ ಕುಂದ್ರಬೇಕು."

ಸಿದರಾಯ


ಅನಗೋಳ, ಬೆಳಗಾವಿ
೧೫-೭-೧೯೮೩

ತಮ್ಮಾ ಸಿದರಾಯ, ಶರಣು.

ಕಳಿಸು. ಬಸಯ್ಯನ ಬೆಳಗಿನ ಬಸ್ಸಿಗೆ ಹಾಕು. ಗೋಣಿಚೀಲದಲ್ಲಿ ಸುತ್ತು. ಮೀನಿನ ಬುಟ್ಟಿಗಳ ಹತ್ತಿರ ಇಡಬೇಡ ಎಂದು ಅವನಿಗೆ ಹೇಳು, ಉಪ್ಪುನೀರು ತಾಗಿದರೆ ಬೀಡು ಒಂದೇ ದಿನದಲ್ಲಿ ಕೆಂಪಾಗುತ್ತದೆ.

ಕೆಲಸ ಹಿಡಿಯುವ ಮೊದಲು ನಿನಗೆ ಒಂದು ಸಂಗತಿ ಗೊತ್ತಿರಲಿ. ಕಬ್ಬಿಣ ಕಡೆಯುವ ಲೇತ್ ಮಾರಿಬಿಡಿ ಎಂದು ಶಿವಬಸವ್ವ ಹಟ ಹಿಡಿದಿದ್ದಾಳೆ. ಹಿಂದವಾಡಿಯವರೊಬ್ಬರು ಎರಡು ಸಲ ಬಂದು ನೋಡಿ ಹೋದರು. ಜನವರಿಯಲ್ಲಿ ನನ್ನ ಅಂಗಿಯ ತೋಳು, ತುಂಡನ್ನು ಕಚ್ಚಿ ತಿರುಗುವ ಲೇತಿನ ಚಕ್ಕಿಗೆ ಸಿಕ್ಕು ಹರಿದದ್ದನ್ನು ಅವಳು ಮರೆತಿಲ್ಲ. "ಅಕ್ಕ್ಯಾಗಿನ ಹರಳ ಕಾಣಂಗಿಲ್ಲ ನಿಮಗ. ತಿರಗೂ ಕಬ್ಬಣ ಹೆಂಗ ಕಾಣತೈತಿ?" ಅನ್ನುತ್ತಾಳೆ. ಹೆಂಡತಿ ಹೇಳುವುದು ಸುಳ್ಳಲ್ಲ, ಅದೇ ತ್ರಾಸು. ಆದರೆ ನಾನು ಮೂವತ್ತೆಂಟು ವರ್ಷ ಆ ಲೇತಿನ ಮುಂದೆ ನಿಂತವನು. ಅದು ಹೋದರೆ ಬೆಳಿಗ್ಗೆ ಎದ್ದು ಎಲ್ಲಿ ನಿಲ್ಲಬೇಕು ಎಂಬುದೇ ತಿಳಿಯುವುದಿಲ್ಲ. ಅಂಜಿಕೆ ಬರುತ್ತದೆ.

ಕಡೆಗೆ ಗಂಡ ಹೆಂಡತಿ ಒಂದು ಕರಾರು ಮಾಡಿಕೊಂಡೆವು. ನಿನ್ನ ಆಕ್ಸಲ್ ನೆಟ್ಟಗಾಗಿ, ಗಾಡಿ ಓಡಿ, ನಿಲ್ಲಬೇಕಾದಲ್ಲಿ ನಿಂತರೆ ಲೇತ್ ಇರುತ್ತದೆ. ತಪ್ಪಿದರೆ ದೀಪಾವಳಿಯೊಳಗೆ ಹಿಂದವಾಡಿಗೆ ಹೋಗುತ್ತದೆ. ನಾನು ಮಾತು ಕೊಟ್ಟಿದ್ದೇನೆ.

ಗುರುಪಾದಪ್ಪ


ಅನಗೋಳ
೨೮-೮-೧೯೮೩

ತಮ್ಮಾ ಸಿದರಾಯ,

ಕೆಲಸ ಮುಗಿಯಿತು. ಮಂಗಳವಾರಕ್ಕೊಮ್ಮೆ ಕರೆಂಟ್ ತೆಗೆಯುತ್ತಾರೆ, ಇಲ್ಲವಾದರೆ ಹತ್ತು ದಿನ ಮೊದಲೇ ಮುಗಿಯುತ್ತಿತ್ತು. ಆಕ್ಸಲನ್ನು ಅಳತೆಗೆ ಕತ್ತರಿಸಿ, ಒಳಗೆ ಕೊಳವೆಯ ತೋಳು ಕೊಟ್ಟು ವೆಲ್ಡ್ ಮಾಡಿದೆ. ಕ್ಯಾಲಿಪರ್ ಕೂಡಿಸಲು ಅರ್ಧ ಇಂಚಿನ ಪ್ಲೇಟಿನಲ್ಲಿ ಎರಡು ಹಿಡಿಕೆ ಮಾಡಿದ್ದೇನೆ. ಡಿಸ್ಕುಗಳ ಮುಖದಲ್ಲಿ ಗೀರು ಬಿದ್ದಿದ್ದವು, ಲೇತಿಗೆ ಹಾಕಿ ತೆಳ್ಳಗೆ ಒಂದು ಪದರು ತೆಗೆದೆ. ಸೊಟ್ಟು ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳು ಎರಡು ಗೀಟು ಮಾತ್ರ ಆಡಿತು. ಇಂಚಿನ ಸಾವಿರ ಭಾಗದಲ್ಲಿ ಎರಡು. ನಾಲ್ಕರ ತನಕ ನಡೆಯುತ್ತದೆ.

ಹ್ಯಾಂಡ್ ಬ್ರೇಕಿನ ಕೇಬಲ್ ಹೊಸದು. ಮೂರು ದಿನ ಭಾರ ತೂಗುಹಾಕಿ ಜಗ್ಗಿಸಿದ್ದೇನೆ, ಇನ್ನು ಉದ್ದವಾಗುವುದಿಲ್ಲ. ಕೂಡಿಸುವ ಮುಂಚೆ ತಾಟನ್ನು ಪೆಟ್ರೋಲಿನಿಂದ ಒರೆಸು, ಜಿಡ್ಡು ತಾಗಬಾರದು. ನಿನಗೆ ಹೇಳುವ ಮಾತಲ್ಲ ಇದು.

ಇನ್ನೊಂದು ಮಾತು ಹೇಳುತ್ತೇನೆ. ಕಾರ್ಖಾನೆಯ ಟ್ರಕ್ಕನ್ನು ನಮ್ಮ ಓಣಿಯಲ್ಲಿ ನಿಲ್ಲಿಸಿದಾಗಲೆಲ್ಲ ನೀನು ಇಳಿದವನೇ ಗಾಲಿಯ ಹಿಂದೆ ಕಲ್ಲು ಕೊಡುತ್ತಿದ್ದೆ. ಘಾಟಿನ ಡ್ರೈವರುಗಳ ಚಾಳಿ, ನಾನು ಏನೂ ಅಂದಿರಲಿಲ್ಲ. ಈ ಗಾಡಿಗೆ ಕಲ್ಲು ಕೊಡಬೇಡ. ಕೊಟ್ಟರೆ ಬ್ರೇಕ್ ಮಾಡಿದವನಿಗೆ ಬೈದ ಹಾಗೆ.

ಗುರುಪಾದಪ್ಪ


ಖಾನಾಪುರ
ರವಿವಾರ, ೧೮-೯-೧೯೮೩

ಮಿಸ್ತ್ರಿಯವರಿಗೆ ನಮಸ್ಕಾರ.

ಆಕ್ಸಲ್ ಕೂಡಿತು. ಗಾಲಿಗಳು ಮೈಯೊಳಗೆ ಸರಿಯಾಗಿ ಕುಳಿತಿವೆ. ಹಾಗಲ ಬಳ್ಳಿ ತೆಗೆದದ್ದಕ್ಕೆ ಅವ್ವ ಎರಡು ದಿನ ನನ್ನ ಕೂಡ ಮಾತು ಬಿಟ್ಟಿದ್ದಳು.

ಆದರೆ ಬ್ರೇಕಿನ ಪೆಡಲ್ ಒತ್ತಿದರೆ ಮೆತ್ತಗೆ ನೆಲಕ್ಕೆ ಹೋಗುತ್ತದೆ, ರೊಟ್ಟಿಯ ಹಿಟ್ಟು ತುಳಿದ ಹಾಗೆ. ಪೈಪಿನ ಗಾಳಿ ಮೂರು ಸಲ ತೆಗೆದೆ. ಮೂರು ಸಲವೂ ಅಷ್ಟೇ. ಎಲ್ಲಿಯೂ ಸೋರುತ್ತಿಲ್ಲ. ಕ್ಯಾಲಿಪರ್ ಒಳಗೇ ಕೆಟ್ಟಿರಬೇಕು ಅನಿಸುತ್ತದೆ. ಹಾಗಿದ್ದರೆ ಎರಡು ವರ್ಷದ ಕೆಲಸ ಮಣ್ಣುಪಾಲು.

ಸಿದರಾಯ


ಅನಗೋಳ
೨೧-೯-೧೯೮೩

ತಮ್ಮಾ,

ಗಾಬರಿಯಾಗಬೇಡ. ಕ್ಯಾಲಿಪರಿಗೆ ಗಾಳಿ ಬಿಡುವ ಒಂದು ಸಣ್ಣ ನಿಪ್ಪಲ್ ಇದೆಯಲ್ಲ, ಅದು ಮೇಲೆ ಇದೆಯೋ ಕೆಳಗೆ ಇದೆಯೋ ನೋಡು. ಕೆಳಗೆ ಇದ್ದರೆ ನೀನು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದೀ. ಗಾಳಿ ಮೇಲೆ ಕೂತಿರುತ್ತದೆ, ನೀನು ಕೆಳಗಿನ ತೂತಿನಿಂದ ಆಯಿಲ್ ಅಷ್ಟೇ ಬಿಡುತ್ತೀ. ನಾಳೆ ತನಕ ಬಿಟ್ಟರೂ ಗಾಳಿ ಹೋಗುವುದಿಲ್ಲ. ಅದಲು ಬದಲು ಮಾಡು.

ಮಿಲಿಟರಿಯಲ್ಲಿದ್ದಾಗ ನಿನಗೆ ಎಡಗಡೆ ಬಲಗಡೆ ಎಂದು ಕಾಲು ಹಾಕಿಸುತ್ತಿದ್ದರಲ್ಲವೇ?

ಗುರುಪಾದಪ್ಪ


ಖಾನಾಪುರ
ರವಿವಾರ, ೨-೧೦-೧೯೮೩

ಮಿಸ್ತ್ರಿಯವರಿಗೆ ಸಾಷ್ಟಾಂಗ ನಮಸ್ಕಾರ.

ನಿಪ್ಪಲ್ ಕೆಳಗೇ ಇತ್ತು. ಬದಲಿಸಿದೆ. ಈಗ ಪೆಡಲ್ ಕಲ್ಲಿನಂತಿದೆ. ನಾನು ಗಾಡಿಯ ಕೆಳಗೇ ಮಲಗಿ ಕಾಣದ್ದನ್ನು ನೀವು ಅಲ್ಲಿ ಕುಳಿತು ಕಂಡಿರಿ. ನಿಮ್ಮ ಕಣ್ಣಿನ ಬಗ್ಗೆ ಇನ್ನು ಯಾರೂ ಮಾತಾಡಬಾರದು. ಶಿವಬಸವ್ವ ವೈನಿಯವರಿಗೆ ಈ ಪತ್ರ ತೋರಿಸಿರಿ.

ಇವತ್ತು ನಂದಗಡಕ್ಕೆ ಹೋಗಿ ಬಂದೆ. ದಾರಿಯಲ್ಲಿ ಎರಡು ಕಡೆ ನೀರು ಹರಿಯುತ್ತಿತ್ತು. ದಾಟಿದ ಕೂಡಲೇ ಬ್ರೇಕ್ ಹಾಕಿದೆ, ಹಿಡಿಯಿತು. ನಮ್ಮ ಮನೆಯ ಮುಂದೆ ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಅರ್ಧ ತಾಸು ಬಿಟ್ಟೆ. ಒಂದು ಬೆರಳೂ ಅಲುಗಲಿಲ್ಲ. ನೀವು ಹೇಳಿದಂತೆ ಕಲ್ಲನ್ನು ತೆಗೆದು ಬೇಲಿಯಾಚೆ ಬಿಸಾಕಿದ್ದೇನೆ.

ಹಿಂದಿನ ಗಾಲಿಗಳಿಗೆ ಬಣ್ಣ ಹಚ್ಚುವುದು ಬಾಕಿ. ದಸರೆಯ ಖಂಡೇ ಪೂಜೆಯ ದಿನ ಗಾಡಿಗೆ ಆಯುಧ ಪೂಜೆ ಮಾಡಿ ಮೊದಲು ಅವ್ವನನ್ನು ಕೂಡಿಸಿಕೊಂಡು ಹೋಗುತ್ತೇನೆ. ಅದಾದ ಮೇಲೆ ನಿಮ್ಮ ಬಾಗಿಲಿಗೆ.

ಸಿದರಾಯ


ಖಾನಾಪುರ
೧೮-೧೦-೧೯೮೩

ಮಿಸ್ತ್ರಿಯವರಿಗೆ ನಮಸ್ಕಾರ.

ಖಂಡೇ ಪೂಜೆಯ ದಿನ ಗಾಡಿ ಜಾರಿತು.

ಅಂಗಳದಿಂದ ತಂದು ಮನೆಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿದ್ದೆ. ಎಂಜಿನ್ ಚಾಲೂ ಇತ್ತು, ಗೇರಿನಲ್ಲಿ ಇರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಅವ್ವನನ್ನು ಮುಂದಿನ ಸೀಟಿನಲ್ಲಿ ಕೂಡಿಸಿ, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಡಲು ಇಳಿದೆ. ಕಲ್ಲು ಕೊಟ್ಟಿರಲಿಲ್ಲ. ಎರಡು ಹಣ್ಣು ಇಟ್ಟು ಮೂರನೆಯದಕ್ಕೆ ಬಗ್ಗಿದಾಗ ಗಾಡಿ ಹಿಂದಕ್ಕೆ ಹೊರಟಿತು. ಬಾಗಿಲು ಹಿಡಿದು ಜಗ್ಗಿದೆ, ನಿಲ್ಲಲಿಲ್ಲ. ನಲವತ್ತು ಹೆಜ್ಜೆ ಹೋಗಿ, ಕೆಳಗಿನ ಮನೆಯ ಭರಮವ್ವನ ಕೊಟ್ಟಿಗೆಯ ಮುಂದೆ ದನಗಳಿಗೆ ನೀರಿಡುವ ಕಲ್ಲಿನ ಬಾನಿಗೆ ಬಡಿದು ನಿಂತಿತು.

ಅವ್ವನ ಎಡಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ. ಜೀವಕ್ಕೆ ಅಪಾಯವಿಲ್ಲ.

ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ. ಗಾಡಿಗೆ ತಾಡಪತ್ರಿ ಹೊದಿಸಿದ್ದೇನೆ.

ಸಿದರಾಯ


ಅನಗೋಳ
೨೦-೧೦-೧೯೮೩

ತಮ್ಮಾ ಸಿದರಾಯ,

ಪತ್ರ ಬಂತು. ನಿಮ್ಮವ್ವ ಭೀಮಕ್ಕನವರು ಊಟ ಮಾಡುತ್ತಾರೋ ಇಲ್ಲವೋ ಬರೆ. ಹಿರಿಯ ಜೀವ. ಬರಲು ನನಗೆ ಮನಸ್ಸಿದೆ, ಬಸ್ಸಿನ ಧೂಳಿಗೆ ಹೋಗಕೂಡದೆಂದು ಡಾಕ್ಟರು ಇನ್ನೂ ಒಂದು ತಿಂಗಳು ಕಟ್ಟುಮಾಡಿದ್ದಾರೆ.

ಈಗ ಕೆಲಸದ ಮಾತು. ಮೊನ್ನೆ ಅರ್ಧ ತಾಸು ನಿಂತ ಬ್ರೇಕ್ ಈಗ ಯಾಕೆ ಜಾರಿತು? ಗಾಲಿ ಬಿಚ್ಚಿ ನೋಡಿದೆಯಾ? ಕೇಬಲ್ ಹೇಗಿದೆ? ಕ್ಯಾಲಿಪರಿನ ಪ್ಯಾಡುಗಳು ತಾಟಿಗೆ ಪೂರ್ತಿ ತಾಗುತ್ತಿವೆಯೋ, ಅರ್ಧವೋ? ತಾಟಿನ ಮೇಲೆ ಏನಾದರೂ ಇತ್ತೇ? ಅದರ ಬಣ್ಣ ಹೇಗಿತ್ತು? ನಿಪ್ಪಲ್ ವಿಷಯದಲ್ಲಿ ನೀನು ಕಂಡದ್ದನ್ನು ಕಂಡಂತೆ ಬರೆದೆ, ನಾನು ಹೇಳಿದೆ. ಈಗಲೂ ಹಾಗೇ ಬರೆ.

ಶಿವಬಸವ್ವ ಕರಾರಿನ ಮಾತು ಎತ್ತಿಲ್ಲ. ಎತ್ತಿದ್ದರೆ ಚಲೋ ಇತ್ತು.

ಗುರುಪಾದಪ್ಪ


ಖಾನಾಪುರ
ರವಿವಾರ, ೨೩-೧೦-೧೯೮೩

ಮಿಸ್ತ್ರಿಯವರಿಗೆ ನಮಸ್ಕಾರ.

ಅವ್ವ ಊಟ ಮಾಡುತ್ತಾಳೆ. ಒಂದೇ ಕೈಯಲ್ಲಿ ರೊಟ್ಟಿ ಬಡಿಯಲು ಹೋಗಿ ಭರಮವ್ವನಿಂದ ಬೈಸಿಕೊಂಡಳು.

ಗಾಲಿ ಬಿಚ್ಚಿ ನೋಡಿದೆ. ತಾಟಿನ ಮೇಲೆ ಏನೂ ಇರಲಿಲ್ಲ. ಕೇಬಲ್ ಸ್ವಲ್ಪ ಜಗ್ಗಿರಬೇಕು. ನಿಮ್ಮ ಕೆಲಸದಲ್ಲಿ ತಪ್ಪಿಲ್ಲ. ಎಲ್ಲವೂ ನಸೀಬು. ಇದನ್ನು ಇಲ್ಲಿಗೇ ಬಿಡೋಣ.

ಸಿದರಾಯ


ಅನಗೋಳ
೨೫-೧೦-೧೯೮೩

ಶ್ರೀ ಸಿದರಾಯ ಅವರಿಗೆ ಶರಣು.

ನಿಮ್ಮ ಪತ್ರ ತಲುಪಿತು. ಕೇಬಲ್ ಜಗ್ಗಿತು ಎಂದು ಬರೆದಿದ್ದೀರಿ. ಆ ಕೇಬಲ್ ಜಗ್ಗುವುದಿಲ್ಲ, ನಿಮಗೂ ಗೊತ್ತು. ಮುದುಕನ ಮನಸ್ಸು ನೋಯಬಾರದೆಂದು ಹಾಗೆ ಬರೆದಿದ್ದೀರಿ. ಉಪಕಾರವಾಯಿತು.

ನಿಮಗೆ ಹೇಳದ ಒಂದು ಸಂಗತಿ ಇದೆ. ಡಯಲ್ ಗೇಜಿನ ಮುಳ್ಳು ನನಗೆ ಕಾಣಲಿಲ್ಲ. ನಾನು ತಾಟು ತಿರುಗಿಸಿದೆ, ಶಿವಬಸವ್ವ ಕೈಯಲ್ಲಿ ಕಂದೀಲು ಹಿಡಿದು ಮುಳ್ಳು ನೋಡಿ ಹೇಳಿದಳು. "ಎರಡ ಗೀಟು ಹೋತು ನೋಡ್ರಿ" ಅಂದಳು. ನಾನು ಅದನ್ನೇ ನಿಮಗೆ ಬರೆದೆ. ಕಣ್ಣಿನ ಮಾತು ಬಚ್ಚಿಟ್ಟೆ. ಬರೆದಿದ್ದರೆ ನೀವು ಕೆಲಸ ವಾಪಸ್ ತೆಗೆದುಕೊಳ್ಳುತ್ತಿದ್ದಿರಿ ಎಂದು ಅಂಜಿದೆ.

ತಾಟು ಸೊಟ್ಟಗಿದ್ದರೆ ಹ್ಯಾಂಡ್ ಬ್ರೇಕ್ ಒಂದು ಕಡೆ ಬಿಗಿಯಾಗುತ್ತದೆ, ತಾಟು ಸ್ವಲ್ಪ ತಿರುಗಿ ನಿಂತರೆ ಸಡಿಲಾಗುತ್ತದೆ. ಅದಕ್ಕೇ ಒಂದು ದಿನ ನಿಂತ ಗಾಡಿ ಇನ್ನೊಂದು ದಿನ ಜಾರಿತು. ಮೂರು ದಿನ ಇದನ್ನೇ ಲೆಕ್ಕ ಹಾಕಿದೆ. ಬೇರೆ ಕಾರಣ ನನಗೆ ಸಿಗಲಿಲ್ಲ. ಅದರ ಮೇಲೆ, ಕಲ್ಲು ಕೊಡಬೇಡ ಎಂದು ಹೇಳಿದವನೂ ನಾನೇ.

ಲೇತ್ ಬೇಡ ಎನ್ನುತ್ತಿದ್ದವಳು ಈಗ ಅದರ ಹತ್ತಿರ ಹೋಗಿ ನಿಲ್ಲುತ್ತಾಳೆ. "ಹನ್ನೆರಡು ಇದ್ದದ್ದು ನನಗ ಎರಡ ಕಂಡಿರಬೇಕ್ರಿ. ಆ ಮುದುಕಿ ಕೈ ನಾನ ಮುರದಂಗಾತು" ಎಂದು ನಿನ್ನೆ ಅತ್ತಳು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವಳು ಅತ್ತದ್ದು ನಾನು ಹೆಚ್ಚು ನೋಡಿಲ್ಲ.

ದೀಪಾವಳಿಯೊಳಗೆ ಎಂದು ಮಾತಾಗಿತ್ತು. ಹಿಂದವಾಡಿಯವರಿಗೆ ಹೇಳಿ ಕಳಿಸಿದ್ದೇನೆ. ನಿಮ್ಮ ತಾಯಿಯವರ ಕ್ಷಮೆ ಕೇಳಿದ್ದೇನೆಂದು ಹೇಳಿರಿ.

ಗುರುಪಾದಪ್ಪ


ಖಾನಾಪುರ
೨೭-೧೦-೧೯೮೩

ಮಿಸ್ತ್ರಿಯವರಿಗೆ,

ಲೇತ್ ಕೊಡಬೇಡಿರಿ. ಮೊದಲು ಇದನ್ನು ಓದಿರಿ.

ತಾಟಿನ ಮೇಲೆ ಏನೂ ಇರಲಿಲ್ಲ ಎಂದು ಬರೆದದ್ದು ಸುಳ್ಳು. ಎಣ್ಣೆ ಇತ್ತು.

ಬಣ್ಣ ಹಚ್ಚಲು ಹಿಂದಿನ ದಿನ ಗಾಲಿ ಬಿಚ್ಚಿದ್ದೆ. ಗಾಡಿ ಇಟ್ಟಂಗಿಯ ಮೇಲೆ ನಿಂತಿತ್ತು, ತಾಟುಗಳು ಬಯಲಿಗೆ ಇದ್ದವು. ಬೆಳಿಗ್ಗೆ ಚೆಂಡುಹೂ ತರಲು ಬಜಾರಿಗೆ ಹೋಗುವಾಗ ಅವ್ವನಿಗೆ ನಾನೇ ಅಂದೆ, "ಮನ್ಯಾಗಿನ ಕಬ್ಬಣಕ್ಕೆಲ್ಲಾ ಪೂಜಿ ಮಾಡಿಡು." ನಾವು ಕುರಿ ಕಾಯ್ದ ಮನೆತನ. ಅಪ್ಪ ಉಣ್ಣೆ ಕತ್ತರಿಸುತ್ತಿದ್ದ ಕತ್ತರಿ ಇನ್ನೂ ಇದೆ. ಅದಕ್ಕೆ ತುಕ್ಕು ಹಿಡಿಯಬಾರದೆಂದು ಅವ್ವ ಪ್ರತಿ ಖಂಡೇ ಪೂಜೆಗೆ ಕೊಬ್ಬರಿ ಎಣ್ಣೆ ತಿಕ್ಕಿ, ಮೇಲೆ ಮೈಲಾರಲಿಂಗನ ಭಂಡಾರದ ಅರಿಶಿನ ಹಚ್ಚಿ ಇಡುತ್ತಾಳೆ. ಕೊಡಲಿಗೂ ಹಾಗೇ, ಕುಡುಗೋಲಿಗೂ ಹಾಗೇ. ಆ ದಿನ ಮನೆಯಲ್ಲಿ ಎಲ್ಲಕ್ಕಿಂತ ಹೊಳೆಯುವ ಕಬ್ಬಿಣ ನಿಮ್ಮ ಎರಡು ತಾಟು. ಅವಕ್ಕೆ ಕೈತುಂಬ ಹಚ್ಚಿದ್ದಾಳೆ.

ನಾನು ಬಂದು ಗಾಲಿ ಹಾಕಿದೆ. ಪ್ಯಾಡುಗಳು ಎಣ್ಣೆ ಕುಡಿದವು. ಕಾಲಿನ ಬ್ರೇಕು ಮುಂದಿನ ಗಾಲಿಗಳನ್ನೂ ಹಿಡಿಯುವುದರಿಂದ ಅಂಗಳದಿಂದ ಬರುವಾಗ ಗೊತ್ತಾಗಲಿಲ್ಲ. ಗಾಡಿ ಬಾನಿಗೆ ಬಡಿದ ಮೇಲೆ ಗಾಲಿ ಬಿಚ್ಚಿದರೆ ತಾಟು ಪೂರ್ತಿ ಹಳದಿ ಕೆಸರಾಗಿತ್ತು. ಯಾರಿಗೂ ತೋರಿಸದೆ ಪೆಟ್ರೋಲಿನಲ್ಲಿ ತೊಳೆದೆ. ಎಪ್ಪತ್ತೈದು ವರ್ಷದ ಮುದುಕಿ, ಕೈ ಮುರಿದುಕೊಂಡು ಮಲಗಿದವಳಿಗೆ, ನಿನ್ನಿಂದಲೇ ಆಯಿತು ಎಂದು ಹೇಗೆ ಹೇಳಲಿ? ಅದಕ್ಕೇ ನಿಮಗೆ ಸುಳ್ಳು ಬರೆದೆ.

ಇದನ್ನು ಅಂಚೆಗೆ ಹಾಕಿದರೆ ಮಾತು ಹೇಗಾದರೂ ಅವ್ವನ ಕಿವಿಗೆ ಬೀಳುತ್ತದೆ. ಎರಡು ದಿನ ವಿಚಾರ ಮಾಡುತ್ತೇನೆ. ದೀಪಾವಳಿಗೆ ಇನ್ನೂ ಎಂಟು ದಿನ ಇದೆ.

೩೧-೧೦-೧೯೮೩

ನಾಲ್ಕು ದಿನ ಇದು ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಇವತ್ತು ಒಂದೇ ಕೈಯಲ್ಲಿ ತೊಳೆಯುತ್ತೇನೆಂದು ಅಂಗಿ ಕೇಳಿದ ಅವ್ವ, ಕೊಡಲಿಲ್ಲವೆಂದು ಹಟ ಹಿಡಿದಳು. ಕುಂತು ಎಲ್ಲ ಓದಿ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿ ಕೇಳಿದಳು: "ಗಾಲಿ ಹಾಕುವಾಗ ಭಂಡಾರ ಕಾಣಲಿಲ್ಲೇನು ನಿನಗ?"

ಕಂಡಿತ್ತು ಮಿಸ್ತ್ರಿಯವರೇ. ಅದನ್ನು ನಾನು ಮೇಲೆ ಬರೆದಿಲ್ಲ, ನೋಡಿರಿ. ಬೆರಳಿನಿಂದ ತೆಗೆದು ಹಣೆಗೆ ಹಚ್ಚಿಕೊಂಡು, ಕೈ ಮುಗಿದು, ಗಾಲಿ ಹಾಕಿದೆ. ಬೆರಳು ಜಿಡ್ಡಾದದ್ದೂ ಗೊತ್ತಾಯಿತು. ಹನ್ನೊಂದು ವರ್ಷ ಮಿಲಿಟರಿ ಗಾಡಿ ಓಡಿಸಿದವನು ನಾನು. ಅವ್ವನ ಹೆಸರು ಮುಂದೆ ಮಾಡಿ ಇಷ್ಟು ದಿನ ಮುಚ್ಚಿಟ್ಟದ್ದು ನನ್ನ ಮಾನವನ್ನು.

"ಎಣ್ಣಿ ಹಚ್ಚಿದಾಕಿ ನಾನು, ಗಾಲಿ ಹಾಕಿದಾವ ನೀನು. ಮಿಸ್ತ್ರಿ ಏನ ಮಾಡಿದ್ದ ಪಾಪ? ಏಳು, ಪೆಟ್ಟಿಗ್ಯಾಗ ಹಾಕಿ ಬಾ," ಅಂದಳು. ಹೊರಟಿದ್ದೇನೆ.

ಸಿದರಾಯ


ಅನಗೋಳ
೨-೧೧-೧೯೮೩

ತಮ್ಮಾ ಸಿದರಾಯ, ಶರಣು.

ನಿನ್ನ ಪತ್ರ ನಿನ್ನೆ ಮಂಗಳವಾರ ಬಂತು. ಲೇತ್ ರವಿವಾರವೇ ಹೋಯಿತು. ಹಬ್ಬದ ಮೊದಲು ಕೂಡಿಸಿಕೊಳ್ಳಬೇಕೆಂದು ಹಿಂದವಾಡಿಯವರು ಅವಸರ ಮಾಡಿದರು. ಆರು ಜನ ಪೈಪುಗಳ ಮೇಲೆ ಉರುಳಿಸಿ ಹೊರಗೆ ತಂದರು. ಅದರ ಮುಂದಿನ ನೆಲದಲ್ಲಿ ನನ್ನ ಪಾದಗಳು ಸವೆಸಿದ ಎರಡು ತಗ್ಗು ಇವೆ. ಲೇತ್ ಇರುವಾಗ ನಾನು ಅವನ್ನು ನೋಡಿರಲಿಲ್ಲ.

ನೀನು ಇಪ್ಪತ್ತೇಳಕ್ಕೆ ಬರೆದದ್ದನ್ನು ಇಪ್ಪತ್ತೇಳಕ್ಕೇ ಹಾಕಿದ್ದರೆ ಶನಿವಾರ ನನ್ನ ಕೈಯಲ್ಲಿ ಇರುತ್ತಿತ್ತು. ನನಗೆ ಸಿಟ್ಟು ಬಂದಿದೆ. ಇಲ್ಲ ಎಂದು ಬರೆದರೆ ನಾನೂ ನಿನ್ನ ಹಾಗೆ ಸುಳ್ಳು ಬರೆದಂತಾಗುತ್ತದೆ. ಭೀಮಕ್ಕನವರ ಮೇಲೆ ಎಳ್ಳಷ್ಟೂ ಇಲ್ಲ. ಕಬ್ಬಿಣಕ್ಕೆ ಎಣ್ಣೆ ಹಚ್ಚಿದವರಿಗೆ ನಾನು ಬೈಯಲಾರೆ.

ನಿನ್ನ ಪತ್ರವನ್ನು ಶಿವಬಸವ್ವನೇ ಓದಿ ಹೇಳಿದಳು. "ಎಣ್ಣೆ ಇತ್ತು" ಎಂಬಲ್ಲಿಗೆ ಬಂದು ನಿಲ್ಲಿಸಿ, ಕೂತಳು. "ಎರಡ ಗೀಟು ಎರಡ ಇದ್ದೂ ಹಂಗಾರ" ಅಂದಳು. ಆಮೇಲೆ ಸೀರೆ ಬದಲಿಸಿಕೊಂಡು ತಾನೇ ನಡೆದುಕೊಂಡು ಹಿಂದವಾಡಿಗೆ ಹೋಗಿ, ಲೇತ್ ವಾಪಸ್ ಕೊಡಿರಿ ಎಂದು ಕೇಳಿ ಬಂದಳು. ಕಾಂಕ್ರೀಟಿನಲ್ಲಿ ಬೋಲ್ಟು ಹಾಕಿ ಕೂಡಿಸಿದ್ದಾರಂತೆ, ಕೊಡುವುದಿಲ್ಲ ಅಂದರಂತೆ. ಬಂದು ನೀರು ಕುಡಿದು ಕುಳಿತಳು. ನಾನೂ ಕುಳಿತೆ.

ಎಣ್ಣೆ ಕುಡಿದ ಪ್ಯಾಡುಗಳನ್ನು ತೊಳೆದರೆ ಪ್ರಯೋಜನವಿಲ್ಲ. ಗುಜರಿಯಿಂದ ತಂದು ನೀನು ಕಳಿಸಿದವುಗಳಲ್ಲಿ ಹಳೆಯವು ನಾಲ್ಕು ನನ್ನಲ್ಲಿ ಉಳಿದಿದ್ದವು. ಅವಕ್ಕೆ ಹೊಸ ಲೈನಿಂಗ್ ಅಂಟಿಸಿ ಇವತ್ತಿನ ಬಸ್ಸಿಗೆ ಬಸಯ್ಯನ ಕೈಯಲ್ಲಿ ಕೊಟ್ಟಿದ್ದೇನೆ. ಆ ಕೆಲಸಕ್ಕೆ ಲೇತ್ ಬೇಡ. ಹಾಕಿಕೋ.

ದೀಪಾವಳಿ ಪಾಡ್ಯದ ದಿನ ಗಾಡಿ ತೆಗೆದುಕೊಂಡು ಬಾ. ಪಾಡ್ಯಕ್ಕೆ ಪ್ರತಿ ವರ್ಷ ಲೇತ್ ಪೂಜೆ ಮಾಡುತ್ತಿದ್ದೆ, ಈ ಸಲ ನಮ್ಮ ಮನೆಯಲ್ಲಿ ಪೂಜೆ ಮಾಡಲು ಕಬ್ಬಿಣವಿಲ್ಲ. ಭೀಮಕ್ಕನವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಬಾ. ಅವರು ಬರುವುದಿಲ್ಲ ಅಂದರೆ, ಮಿಸ್ತ್ರಿ ಕರೆದಿದ್ದಾನೆ ಎಂದು ಹೇಳು. ಎಣ್ಣೆ ಎಲ್ಲಿ ಹಚ್ಚಬೇಕು ಎಲ್ಲಿ ಹಚ್ಚಬಾರದು ಎಂಬುದನ್ನು ನಾನೇ ಅವರಿಗೆ ತೋರಿಸುತ್ತೇನೆ.

ನಮ್ಮ ಓಣಿಯ ಇಳಿಜಾರು ನಿಮ್ಮದಕ್ಕಿಂತ ಹೆಚ್ಚು. ನನ್ನ ಬಾಗಿಲ ಮುಂದೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆ. ಶಿವಬಸವ್ವ ಆರತಿ ಮಾಡಿದ ಮೇಲೆ ನಾಲ್ಕೂ ಜನ ಒಳಗೆ ಹೋಗಿ ಊಟಕ್ಕೆ ಕೂಡೋಣ. ನಾನು ಬಾಗಿಲಿಗೆ ಮುಖ ಮಾಡಿ ಕೂಡುತ್ತೇನೆ, ಅಲ್ಲಿಂದ ಗಾಡಿ ಕಾಣುತ್ತದೆ. ಓಣಿಯ ಮಂದಿಗೂ ಕಾಣಲಿ.

ಗಾಲಿಗೆ ಕಲ್ಲು ಕೊಡಬೇಡ.

ಗುರುಪಾದಪ್ಪ